ಸೂಪರ್ ಮೀಟಿಯರ್‌ಗೆ ಹೊಸ ಹಿಂದಿನ ಶಾಕ್: ಮೊದಲು ತೂಕ ನೋಡಿ, ಆಮೇಲೆ ಬ್ರ್ಯಾಂಡ್

ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯರ್ 650 ಬೈಕ್ ಇಟ್ಟುಕೊಂಡು ದೂರದೂರ ಸುತ್ತುವವರು ಇಬ್ಬರು ಸಿಕ್ಕರೆ ಸಾಕು, ಮಾತು ಬೇಗ ಹಿಂದಿನ ಶಾಕ್‌ಗೆ ಬಂದು ನಿಲ್ಲುತ್ತದೆ. ಎಂಜಿನ್ ಬಗ್ಗೆ ತಕರಾರಿಲ್ಲ. ಹೈವೇಯಲ್ಲಿ ಓಟ ಚೆನ್ನಾಗಿದೆ. ಆದರೆ ಹಿಂದೆ ಒಬ್ಬರು ಕೂತು, ಎರಡೂ ಕಡೆ ಬ್ಯಾಗ್ ತುಂಬಿಕೊಂಡು, ಬಣ್ಣ ಅಳಿಸಿಹೋದ ಹಂಪ್ ಒಂದನ್ನು ಕಾಣದೆ ಹಾರಿಸಿದರೆ ಏಟು ನೇರ ಸೊಂಟಕ್ಕೆ. ಆಮೇಲೆ ಆನ್‌ಲೈನ್‌ನಲ್ಲಿ ಚಂದದ ಬಣ್ಣದ ಸ್ಪ್ರಿಂಗ್ ಇರುವ ಶಾಕ್‌ಗಳನ್ನು ನೋಡುತ್ತಾ ಕೂರುವುದು, ಆಮೇಲೆ ಕಾರ್ಡ್ ಹೊರಗೆ ತೆಗೆಯುವುದು.

ಸ್ವಲ್ಪ ತಡೆಯಿರಿ. ಶಾಕ್ ಬದಲಿಸುವುದು ಒಳ್ಳೆಯ ಕೆಲಸವೇ, ಬೇಡ ಅನ್ನುತ್ತಿಲ್ಲ. ಆದರೆ ನಿಮ್ಮ ತೂಕಕ್ಕೆ ಹೊಂದದ ಸ್ಪ್ರಿಂಗ್ ಇರುವ ದುಬಾರಿ ಶಾಕ್‌ಗಿಂತ ಹೊಂದುವ ಸ್ಪ್ರಿಂಗ್ ಇರುವ ಸಾಧಾರಣ ಶಾಕ್ ಎಷ್ಟೋ ಮೇಲು. ಈ ಲೇಖನದಲ್ಲಿ ಅಳತೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ, ಬೋಲ್ಟ್ ಬಿಚ್ಚುವುದಕ್ಕೆ ಕಡಿಮೆ. ಸೂಪರ್ ಮೀಟಿಯರ್ ಅನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ, ಆದರೆ ಇಂಟರ್‌ಸೆಪ್ಟರ್, ಮೀಟಿಯರ್ 350, ಕ್ಲಾಸಿಕ್, ಹೀಗೆ ಹಿಂದೆ ಎರಡು ಶಾಕ್ ಇರುವ ಯಾವ ಗಾಡಿಗಾದರೂ ದಾರಿ ಇದೇ.

ಮೊದಲು ಗಾಡಿಯ ಗುಣ ಅರ್ಥ ಮಾಡಿಕೊಳ್ಳಿ. ಸೂಪರ್ ಮೀಟಿಯರ್ ತೂಕ 241 ಕೆ.ಜಿ. ಸೀಟಿನ ಎತ್ತರ 740 ಮಿ.ಮೀ. ಮಾತ್ರ. ಹಿಂದಿನ ಚಕ್ರ ಮೇಲೆ ಕೆಳಗೆ ಓಡಾಡಲು ಸಿಗುವ ಜಾಗ, ಅಂದರೆ ಟ್ರಾವೆಲ್, 101 ಮಿ.ಮೀ. ಇಂಟರ್‌ಸೆಪ್ಟರ್‌ನಲ್ಲಿ ಇನ್ನೂ ಕಡಿಮೆ, 88. ಹೋಲಿಸಿ ನೋಡಲು ಹಿಮಾಲಯನ್ 450 ತೆಗೆದುಕೊಳ್ಳಿ, ಅದರಲ್ಲಿ 200. ಸೀಟು ಕೆಳಗಿರಬೇಕು, ಗಾಡಿ ಉದ್ದಕ್ಕೆ ಮಲಗಿದ ಹಾಗೆ ಕಾಣಬೇಕು ಅಂದರೆ ಟ್ರಾವೆಲ್ ಬಿಟ್ಟುಕೊಡಲೇಬೇಕು. ಹಾಗಾಗಿ ಎಷ್ಟೇ ದುಡ್ಡು ಸುರಿದರೂ ಇದು ಹಿಮಾಲಯನ್ ಆಗುವುದಿಲ್ಲ. ಇರುವ 101 ಮಿ.ಮೀ. ಅನ್ನು ಸರಿಯಾಗಿ ಬಳಸಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು, ಮತ್ತು ಅದರಿಂದಲೇ ಆಶ್ಚರ್ಯ ಆಗುವಷ್ಟು ವ್ಯತ್ಯಾಸ ಬರುತ್ತದೆ.

ತಪ್ಪು ಶಾಕ್‌ನದ್ದೇನಾ?

ಮೊದಲು ದುಡ್ಡು ಖರ್ಚಿಲ್ಲದ ಪರೀಕ್ಷೆಗಳು. ಟೈರಿನ ಗಾಳಿ ನೋಡಿ, ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಇದೆಯಾ ಅಂತ. ಬಂಕ್‌ನಲ್ಲಿ "ನಲವತ್ತು ಹಾಕಿಬಿಡ್ಲಾ ಸಾರ್" ಅಂತ ಕೇಳಿ ತುಂಬಿದ ಟೈರು ಗಟ್ಟಿ ಕಲ್ಲಿನ ಹಾಗಿದ್ದರೆ ಯಾವ ಶಾಕ್ ತಾನೇ ಏನು ಮಾಡೀತು. ಆಮೇಲೆ ಸೀಟು. ಒಂದು ಗಂಟೆ ಓಡಿಸಿದ ಮೇಲೆ ಶುರುವಾಗುವ ನೋವು ಹೆಚ್ಚಾಗಿ ಸೀಟಿನ ಫೋಮ್‌ನದ್ದು. ಗುಂಡಿಗೆ ಬಿದ್ದ ಕ್ಷಣಕ್ಕೇ ಬರುವ ಏಟು ಶಾಕ್‌ನದ್ದು. ಇವೆರಡನ್ನೂ ಬೇರೆ ಮಾಡಿ ನೋಡಿ.

ಶಾಕ್‌ನ ರಾಡ್ ಸುತ್ತ ಎಣ್ಣೆಯ ಪಸೆ, ಅದಕ್ಕೆ ಧೂಳು ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ. ಗಾಡಿಯ ಹಿಂಭಾಗ ಎತ್ತಿ ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಷ್ ಅಥವಾ ಚಕ್ರದ ಬೇರಿಂಗ್ ನೋಡಿಸಿ, ಹೊಸ ಶಾಕ್ ಹಾಕಿದರೆ ಆ ರೋಗ ಹೋಗುವುದಿಲ್ಲ.

ಇನ್ನೊಂದು. ಕಂಪನಿ ಶಾಕ್‌ನಲ್ಲೇ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಅನ್ನುವುದನ್ನು, ಹೊಂದಿಸಲು ಐದು ಮೆಟ್ಟಿಲು ಕೊಟ್ಟಿದ್ದಾರೆ. ಅದನ್ನು ಒಂದು ಸಲವೂ ಮುಟ್ಟದೆ ಶಾಕ್ ಸರಿ ಇಲ್ಲ ಅನ್ನುವವರೇ ಜಾಸ್ತಿ. ಎರಡೂ ಕಡೆ ಒಂದೇ ಮೆಟ್ಟಿಲಿಗೆ ಇಟ್ಟು ಓಡಿಸಿ ನೋಡಿ. ಅಷ್ಟರಲ್ಲೇ ಸಮಾಧಾನ ಆದರೆ ಈ ಲೇಖನ ಇಲ್ಲಿಗೇ ಬಿಟ್ಟು ಆ ದುಡ್ಡಲ್ಲಿ ಊರು ಸುತ್ತಿ.

ಸ್ಪ್ರಿಂಗ್ ಒಂದು, ಡ್ಯಾಂಪಿಂಗ್ ಇನ್ನೊಂದು

ಶಾಕ್ ಒಳಗೆ ಎರಡು ಕೆಲಸ ನಡೆಯುತ್ತದೆ. ಸ್ಪ್ರಿಂಗ್ ತೂಕ ಹೊರುತ್ತದೆ. ಒಳಗಿನ ಎಣ್ಣೆ ಸಣ್ಣ ಕಿಂಡಿಗಳಲ್ಲಿ ನುಗ್ಗಿ ಹೋಗುವಾಗ ಸ್ಪ್ರಿಂಗಿನ ಕುಣಿತವನ್ನು ಹಿಡಿಯುತ್ತದೆ, ಇದೇ ಡ್ಯಾಂಪಿಂಗ್. ಒಳಕ್ಕೆ ಒತ್ತುವಾಗ ಹಿಡಿಯುವುದು ಕಂಪ್ರೆಶನ್, ವಾಪಸ್ ಬಿಚ್ಚಿಕೊಳ್ಳುವಾಗ ಹಿಡಿಯುವುದು ರೀಬೌಂಡ್. ನಿಮ್ಮ ತೊಂದರೆ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಗುಂಡಿಯಲ್ಲಿ ಶಾಕ್ ತಳಕ್ಕೆ ಬಡಿಯುತ್ತಿದ್ದರೆ ಸ್ಪ್ರಿಂಗ್ ಕಡೆ ನೋಡಿ. ಹಂಪ್ ದಾಟಿದ ಮೇಲೆ ಗಾಡಿ ಇನ್ನೆರಡು ಸಲ ಮೇಲೆ ಕೆಳಗೆ ತೂಗಿದರೆ ರೀಬೌಂಡ್ ಸಾಲದು.

ಶಿರಾಡಿ ಘಾಟಿಯಂಥ ರಸ್ತೆಯಲ್ಲಿ ಮೊದಲು ಚೆನ್ನಾಗಿದ್ದು, ಹೋಗ್ತಾ ಹೋಗ್ತಾ ಹಿಂಭಾಗ ಸಡಿಲ ಆದ ಹಾಗೆ ಅನ್ನಿಸಿದರೆ ಅದು ಬಿಸಿಯ ತೊಂದರೆ. ಸಾದಾ ಎಮಲ್ಷನ್ ಶಾಕ್‌ಗಳಲ್ಲಿ ಎಣ್ಣೆ ಮತ್ತು ಗ್ಯಾಸ್ ಒಂದೇ ಕೊಳವೆಯಲ್ಲಿರುತ್ತವೆ. ಕೆಟ್ಟ ರಸ್ತೆಯಲ್ಲಿ ಬಿಡುವಿಲ್ಲದೆ ಕುಣಿದರೆ ಸೋಡಾ ಬಾಟಲಿ ಅಲ್ಲಾಡಿಸಿದ ಹಾಗೆ ನೊರೆ ಆಗುತ್ತದೆ, ಎಣ್ಣೆಯೂ ಬಿಸಿಯಾಗಿ ತೆಳ್ಳಗಾಗುತ್ತದೆ, ನೊರೆಗೆ ಸ್ಪ್ರಿಂಗ್ ಹಿಡಿಯುವ ಶಕ್ತಿ ಇರುವುದಿಲ್ಲ. ಶಾಕ್ ಪಕ್ಕದಲ್ಲಿ ಇನ್ನೊಂದು ಸಣ್ಣ ಸಿಲಿಂಡರ್ ಅಂಟಿಕೊಂಡಿರುವುದನ್ನು ನೋಡಿರುತ್ತೀರಿ. ಅದು ಬರೀ ಶೋಕಿಗಲ್ಲ. ಒಳ್ಳೆಯ ಶಾಕ್‌ನಲ್ಲಿ ಅದರೊಳಗೆ ನೈಟ್ರೋಜನ್ ಗ್ಯಾಸ್ ಮತ್ತು ಎಣ್ಣೆಯ ನಡುವೆ ಒಂದು ಪಿಸ್ಟನ್ನೋ ರಬ್ಬರ್ ಚೀಲವೋ ಇದ್ದು ಎರಡೂ ಬೆರೆಯುವುದಿಲ್ಲ, ಎಣ್ಣೆಯೂ ಜಾಸ್ತಿ ಇರುವುದರಿಂದ ಬೇಗ ಕಾಯುವುದಿಲ್ಲ. ಅಗ್ಗದ ಮಾಲಿನಲ್ಲಿ ಆ ಸಿಲಿಂಡರ್ ಖಾಲಿ ಡಬ್ಬಿ ಆಗಿರುವುದೂ ಉಂಟು, ಅದು ಬೇರೆ ಮಾತು.

ಸ್ಯಾಗ್ ಅಳೆಯುವುದು

ಇದೇ ಮುಖ್ಯ ಭಾಗ, ಬಿಟ್ಟು ಮುಂದೆ ಹೋಗಬೇಡಿ. ಸ್ಯಾಗ್ ಅಂದರೆ ಭಾರಕ್ಕೆ ಗಾಡಿಯ ಹಿಂಭಾಗ ಎಷ್ಟು ಕುಸಿಯುತ್ತದೆ ಅನ್ನುವುದು. ಬೇಕಾಗುವುದು ಅಳತೆ ಟೇಪು, ಒಂದು ಪೆನ್ನು, ಸ್ವಲ್ಪ ಮಾಸ್ಕಿಂಗ್ ಟೇಪ್, ಜೊತೆಗೆ ಇಬ್ಬರು.

ಹಿಂದಿನ ಆಕ್ಸಲ್‌ನ ನಡುಮಧ್ಯದಿಂದ ನೇರ ಮೇಲೆ, ಮಡ್‌ಗಾರ್ಡ್ ಮೇಲೋ ಸೀಟಿನ ಕೆಳಗಿನ ಫ್ರೇಮ್ ಮೇಲೋ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆಯಿರಿ. ಪ್ರತಿ ಸಲ ಅಳೆಯುವುದು ಈ ಎರಡು ಗುರುತಿನ ನಡುವೆಯೇ. ಮೊದಲ ಅಳತೆ ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡುವಾಗ. ಎರಡನೆಯದು ಗಾಡಿಯನ್ನು ನೆಟ್ಟಗೆ ಹಿಡಿದು, ಯಾರೂ ಕೂರದೆ ತನ್ನ ತೂಕಕ್ಕೆ ತಾನೇ ಕುಸಿದಾಗ. ಮೂರನೆಯದು ನೀವು ಜಾಕೆಟ್, ಬೂಟು, ಹೆಲ್ಮೆಟ್ ಸಮೇತ ಕೂತು, ಪ್ರವಾಸಕ್ಕೆ ಹೋಗುವಾಗ ಹೇಗಿರುತ್ತೀರೋ ಹಾಗೇ, ಹಿಂದೆ ಕೂರುವವರೂ ಬ್ಯಾಗೂ ಸೇರಿ. ಒಬ್ಬರು ಮುಂದೆ ನಿಂತು ಹ್ಯಾಂಡಲ್ ಹಿಡಿದಿರಲಿ, ಇನ್ನೊಬ್ಬರು ಅಳೆಯಲಿ. ಸೀಲ್‌ಗಳ ಹಿಡಿತದಿಂದ ಶಾಕ್ ಎಲ್ಲೆಲ್ಲೋ ನಿಂತುಬಿಡುತ್ತದೆ. ಹಾಗಾಗಿ ಒಂದು ಸಲ ಒತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ಇನ್ನೊಂದು ಸಲ ಸ್ವಲ್ಪ ಎತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ಎರಡರ ನಡುವಿನ ಸಂಖ್ಯೆ ಬರೆದುಕೊಳ್ಳಿ.

ಮೊದಲ ಅಳತೆಯಲ್ಲಿ ಎರಡನೆಯದನ್ನು ಕಳೆದರೆ ಬರುವುದು ಫ್ರೀ ಸ್ಯಾಗ್. ಮೊದಲನೆಯದರಲ್ಲಿ ಮೂರನೆಯದನ್ನು ಕಳೆದರೆ ರೈಡರ್ ಸ್ಯಾಗ್. ರಸ್ತೆ ಗಾಡಿಗಳಿಗೆ ರೈಡರ್ ಸ್ಯಾಗ್ ಒಟ್ಟು ಟ್ರಾವೆಲ್‌ನ ಹೆಚ್ಚುಕಡಿಮೆ ಮೂರನೇ ಒಂದು ಭಾಗದೊಳಗೆ ಇರಬೇಕು, ಶೇ 25ರಿಂದ 33 ಅಂದುಕೊಳ್ಳಿ. 101 ಮಿ.ಮೀ. ಟ್ರಾವೆಲ್‌ಗೆ ಇದು 25ರಿಂದ 33 ಮಿ.ಮೀ. ಫ್ರೀ ಸ್ಯಾಗ್ 5ರಿಂದ 10 ಮಿ.ಮೀ. ಇದ್ದರೆ ಚೆನ್ನ. ಅದು ಸೊನ್ನೆ ಆಗಬಾರದು. ಸೊನ್ನೆ ಆಯಿತೆಂದರೆ ಚಕ್ರ ತಗ್ಗಿಗೆ ಇಳಿಯಲು ಜಾಗವೇ ಇರುವುದಿಲ್ಲ.

ಒಂದು ಲೆಕ್ಕ ನೋಡಿ. ಚಕ್ರ ನೇತಾಡುವಾಗ 560, ಖಾಲಿ ಗಾಡಿ 549, ಇಬ್ಬರು ಕೂತು ಲಗೇಜ್ ಹಾಕಿದಾಗ 518 ಬಂತು ಅಂದುಕೊಳ್ಳಿ. ಫ್ರೀ ಸ್ಯಾಗ್ 11, ರೈಡರ್ ಸ್ಯಾಗ್ 42. ಅಂದರೆ ಗಾಡಿ ಹೊರಡುವ ಮೊದಲೇ ಐದರಲ್ಲಿ ಎರಡು ಪಾಲು ಟ್ರಾವೆಲ್ ಖರ್ಚಾಗಿದೆ, ಗುಂಡಿಗೆ ಉಳಿದದ್ದು 59 ಮಿ.ಮೀ. ಸರಿ, ಪ್ರೀಲೋಡ್ ಬಿಗಿ ಮಾಡಿ 42 ಅನ್ನು 30ಕ್ಕೆ ತಂದಿರಿ. ಈಗ ಖಾಲಿ ಗಾಡಿಯಲ್ಲಿ ಫ್ರೀ ಸ್ಯಾಗ್ ನೋಡಿದರೆ ಸೊನ್ನೆ, ಶಾಕ್ ಪೂರ್ತಿ ಬಿಚ್ಚಿಕೊಂಡು ಮೇಲೆ ಬಡಿದು ನಿಂತಿದೆ. ಇದರರ್ಥ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದುವಾಯಿತು, ಗಟ್ಟಿ ಸ್ಪ್ರಿಂಗ್ ಬೇಕು. ಒಂಟಿಯಾಗಿ ಓಡಿಸುವವರಲ್ಲಿ ಇದರ ಉಲ್ಟಾ ಆಗಬಹುದು. ಪ್ರೀಲೋಡ್ ಸಡಿಲ ಬಿಟ್ಟು ರೈಡರ್ ಸ್ಯಾಗ್ 30ಕ್ಕೆ ತಂದಾಗ ಖಾಲಿ ಗಾಡಿಯೇ 18–20 ಮಿ.ಮೀ. ಕುಸಿದಿದ್ದರೆ ಸ್ಪ್ರಿಂಗ್ ಗಟ್ಟಿ. ಮೊದಲ ಸಲ ಕೇಳಿದಾಗ ತಲೆಕೆಳಗಾಗಿ ಕಾಣುತ್ತದೆ, ಕಾಗದದ ಮೇಲೆ ಬರೆದು ನೋಡಿದರೆ ಸರಿಹೋಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹೇಳಲೇಬೇಕು. ಪ್ರೀಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ. ಸಾದಾ ಸ್ಪ್ರಿಂಗ್‌ನ ಗಡಸುತನ ಅದೇ ಇರುತ್ತದೆ, ಗಾಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಹಂಪ್‌ನಲ್ಲಿ ಬಡಿತ ತಪ್ಪಿಸಲು ಪ್ರೀಲೋಡ್ ಕೊನೇ ಮೆಟ್ಟಿಲಿಗೆ ತಿರುಗಿಸಿ, ಒಂಟಿಯಾಗಿ ಹೋಗುವಾಗಲೂ ಹಾಗೇ ಬಿಟ್ಟು, ಗಾಡಿ ಕಲ್ಲಿನ ಹಾಗೆ ಅಂತ ದೂರುವವರನ್ನು ಬೇಕಾದಷ್ಟು ನೋಡಿದ್ದೇನೆ.

ಎಷ್ಟು ಗಟ್ಟಿ ಸ್ಪ್ರಿಂಗ್?

ಸ್ಪ್ರಿಂಗ್ ಗಡಸುತನವನ್ನು ಮಿಲಿಮೀಟರಿಗೆ ಎಷ್ಟು ನ್ಯೂಟನ್ ಅಂತ ಬರೆದಿರುತ್ತಾರೆ. 20 ಅಂತ ಇದ್ದರೆ ಆ ಸ್ಪ್ರಿಂಗನ್ನು ಒಂದು ಮಿ.ಮೀ. ಒತ್ತಲು ಸುಮಾರು 2 ಕೆ.ಜಿ. ಬೇಕು. ಎರಡು ಶಾಕ್ ಇರುವುದರಿಂದ 4 ಕೆ.ಜಿ. ಈಗ ಹಿಂದೆ ಕೂತವರು 60 ಕೆ.ಜಿ., ಲಗೇಜ್ 20 ಕೆ.ಜಿ. ಅಂದುಕೊಳ್ಳಿ. ಇವೆಲ್ಲ ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೇ ಬೀಳುವ ತೂಕ. 80ನ್ನು 4ರಿಂದ ಭಾಗಿಸಿ: 20 ಮಿ.ಮೀ. ಕುಸಿತ. ಅದೇ ಸ್ಪ್ರಿಂಗ್ 24 ಇದ್ದರೆ ಕುಸಿತ 17ರ ಹತ್ತಿರ. ಶಾಕ್ ಓರೆಯಾಗಿ ನಿಂತಿರುವುದರಿಂದ ಚಕ್ರದ ಬಳಿ ಸಂಖ್ಯೆ ಇನ್ನೂ ಸ್ವಲ್ಪ ಜಾಸ್ತಿ ಬರುತ್ತದೆ, ಅಂದಾಜಿಗೆ ಇಷ್ಟು ಸಾಕು.

ಆರ್ಡರ್ ಮಾಡುವಾಗ ಅಂಗಡಿಯವರಿಗೆ ಮಾಡೆಲ್ ಹೆಸರು ಮಾತ್ರ ಹೇಳಬೇಡಿ. ನಿಮ್ಮ ತೂಕ, ಹಿಂದೆ ಕೂರುವವರ ತೂಕ, ಲಗೇಜ್ ತೂಕ, ನೂರರಲ್ಲಿ ಎಷ್ಟು ಸಲ ಇಬ್ಬರು ಹೋಗುತ್ತೀರಿ, ಇದನ್ನೆಲ್ಲ ಹೇಳಿ ಯಾವ ಸ್ಪ್ರಿಂಗ್ ಹಾಕಿ ಕೊಡುತ್ತೀರಿ ಅಂತ ಕೇಳಿ. ಒಳ್ಳೆಯ ವ್ಯಾಪಾರಿ ಈ ಪ್ರಶ್ನೆಗಳನ್ನು ತಾನೇ ಕೇಳುತ್ತಾನೆ. "ಎಲ್ಲರಿಗೂ ಇದೇ ಸಾರ್, ಸೂಪರಾಗಿದೆ" ಅಂದರೆ ಬೇರೆ ಅಂಗಡಿ ನೋಡಿ. ತೂಕ ಹೇಳುವಾಗ ನಾಚಿಕೆ ಬೇಡ. ನಾಲ್ಕು ಕೆ.ಜಿ. ಕಡಿಮೆ ಹೇಳಿದರೆ ಅನುಭವಿಸುವುದು ನಿಮ್ಮ ಸೊಂಟವೇ.

ಪ್ರೋಗ್ರೆಸ್ಸಿವ್ ಸ್ಪ್ರಿಂಗ್ ಅಂತಲೂ ಸಿಗುತ್ತದೆ. ಒಂದು ಕಡೆ ಸುರುಳಿಗಳು ಹತ್ತಿರ, ಇನ್ನೊಂದು ಕಡೆ ದೂರ ಇರುತ್ತವೆ. ಮೊದಲು ಮೆದುವಾಗಿ, ಒತ್ತಿದಷ್ಟೂ ಗಟ್ಟಿ ಆಗುತ್ತಾ ಹೋಗುತ್ತದೆ. ಒಮ್ಮೆ ಒಂಟಿ, ಒಮ್ಮೆ ಜೋಡಿ ಅನ್ನುವವರಿಗೆ ಇದು ಒಳ್ಳೆಯ ರಾಜಿ. ಯಾವಾಗಲೂ ಜೋಡಿಯಾಗೇ ಹೋಗುವವರು ಸಾದಾ ಸ್ಪ್ರಿಂಗ್ ಸರಿಯಾದ ಗಡಸುತನದಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು, ಹೊಂದಿಸುವುದೂ ಸುಲಭ.

ಯಾವ ಶಾಕ್ ಕೊಳ್ಳುವುದು

ಮಾರುಕಟ್ಟೆಯಲ್ಲಿ ಹೆಸರುಗಳಿಗೆ ಬರ ಇಲ್ಲ. ಥಾಯ್ಲೆಂಡಿನ ವೈಎಸ್ಎಸ್, ಇಂಗ್ಲೆಂಡಿನ ಹ್ಯಾಗನ್, 1976ರಲ್ಲಿ ಶುರುವಾದ ಸ್ವೀಡನ್ನಿನ ಓಲಿನ್ಸ್. ಬೆಲೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುತ್ತಿದರೆ ಬ್ರ್ಯಾಂಡಿನ ಸ್ಟಿಕ್ಕರ್ ಅಂಟಿಸಿದ, ಬ್ರ್ಯಾಂಡಿಗೆ ಸಂಬಂಧವೇ ಇಲ್ಲದ ಮಾಲೂ ಕಣ್ಣಿಗೆ ಬೀಳಬಹುದು. ಸೀರಿಯಲ್ ನಂಬರ್, ಬಿಲ್, ವಾರಂಟಿ ಕಾರ್ಡ್ ಇಲ್ಲದೆ ಕೊಳ್ಳಬೇಡಿ.

ನನ್ನ ಕೇಳಿದರೆ, ಪ್ರವಾಸದ ಗಾಡಿಗೆ ಇಷ್ಟಿದ್ದರೆ ಸಾಕು: ಪ್ರೀಲೋಡ್ ಹೊಂದಿಸಲು ಬರಬೇಕು, ರೀಬೌಂಡ್ ಹೊಂದಿಸಲು ಬರಬೇಕು, ಸ್ಪ್ರಿಂಗ್ ಬೇರೆ ಗಡಸುತನದ್ದು ಸಿಗುವ ಹಾಗಿರಬೇಕು, ಸೀಲ್ ಹೋದರೆ ಬಿಚ್ಚಿ ರಿಪೇರಿ ಮಾಡಲು ಬರಬೇಕು. ಕಂಪ್ರೆಶನ್‌ಗೂ ಬೇರೆ ತಿರುಗಿಸುವ ನಾಬ್ ಇದ್ದರೆ ಒಳ್ಳೆಯದೇ, ಆದರೆ ಅದಕ್ಕಾಗಿ ಸಾಲ ಮಾಡಬೇಡಿ. ರಿಪೇರಿಯ ಮಾತನ್ನು ಜನ ಮರೆಯುತ್ತಾರೆ. ಎಣ್ಣೆ, ಸೀಲ್ ಬದಲಿಸಿ ಗ್ಯಾಸ್ ತುಂಬಿಕೊಡುವವರು ನಿಮ್ಮ ರಾಜ್ಯದಲ್ಲಿ ಇದ್ದಾರಾ, ಬಿಡಿಭಾಗ ಸಿಗುತ್ತಾ ಅಂತ ಕೊಳ್ಳುವ ಮೊದಲೇ ಕೇಳಿ. ಇಲ್ಲದಿದ್ದರೆ ಕೆಲವು ವರ್ಷಕ್ಕೆ ಇಷ್ಟು ದುಡ್ಡಿನ ಶಾಕ್ ಗುಜರಿಗೆ.

ಉದ್ದದ ಬಗ್ಗೆ. ಸೂಪರ್ ಮೀಟಿಯರ್‌ನ ಗ್ರೌಂಡ್ ಕ್ಲಿಯರೆನ್ಸ್ 135 ಮಿ.ಮೀ. ಮಾತ್ರ, ಮಲೆನಾಡಿನ ಊರೊಳಗಿನ ಹಂಪ್‌ಗಳಲ್ಲಿ ಹೊಟ್ಟೆ ತಗಲುತ್ತದೆ. ಅದಕ್ಕೇ ಉದ್ದದ ಶಾಕ್ ಹಾಕಿ ಎತ್ತರಿಸೋಣ ಅಂತ ಆಸೆ ಆಗುವುದು ಸಹಜ. ಆದರೆ ಹಿಂಭಾಗ ಎತ್ತಿದರೆ ಮುಂದಿನ ಫೋರ್ಕ್ ನೆಟ್ಟಗಾಗುತ್ತದೆ, ಹ್ಯಾಂಡಲ್ ಚುರುಕಾಗುತ್ತದೆ, ಹೈವೇಯಲ್ಲಿ ನೇರ ಓಡುವ ಗುಣ ಸ್ವಲ್ಪ ಹೋಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ಜಾಸ್ತಿ ವಾಲುತ್ತದೆ. ಚೈನ್ ಸಡಿಲವೂ ಬದಲಾಗುತ್ತದೆ. 5–10 ಮಿ.ಮೀ. ಒಳಗಿದ್ದರೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಇನ್ನು ಹಳೇ ಶಾಕ್ ಕೆಳಗೆ ಕಬ್ಬಿಣದ ತುಂಡು ವೆಲ್ಡ್ ಮಾಡಿ ಉದ್ದ ಮಾಡಿಕೊಡುವವರಿದ್ದಾರಲ್ಲ, ಅವರ ಹತ್ತಿರ ಹೋಗಲೇಬೇಡಿ. ಆ ವೆಲ್ಡ್ ಬಿಟ್ಟರೆ ಹಿಂದಿನ ಚಕ್ರ ಎತ್ತ ಹೋಗುತ್ತದೆ ಅಂತ ಯೋಚಿಸಿ.

ನಿಜ ಹೇಳಬೇಕೆಂದರೆ ಸ್ಯಾಗ್ ಸರಿ ಮಾಡಿದ ಮೇಲೆ ಹೊಟ್ಟೆ ತಗಲುವುದೂ ಕಡಿಮೆ ಆಗುತ್ತದೆ. ಮೇಲಿನ ಲೆಕ್ಕದಲ್ಲಿ 42ರಿಂದ 30ಕ್ಕೆ ಬಂದಾಗ ಹಿಂಭಾಗ 12 ಮಿ.ಮೀ. ಮೇಲೆ ಬಂತಲ್ಲ.

ಆರ್ಡರ್‌ಗೆ ಮೊದಲು ಹಳೇ ಶಾಕ್‌ನ ಮೇಲಿನ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಉದ್ದ ಅಳೆದುಕೊಳ್ಳಿ, ಚಕ್ರ ನೇತಾಡುವಾಗಲೇ. ಬೋಲ್ಟಿನ ದಪ್ಪ, ಬುಷ್‌ನ ಅಗಲ, ಕೆಳಗಿನ ತುದಿ ಉಂಗುರವೋ ಕವಲೋ, ಇದನ್ನೂ ಬರೆದುಕೊಳ್ಳಿ. ಬ್ಯಾಗ್ ನೇತುಹಾಕಲು ಸ್ಟೇ ಹಾಕಿಸಿದ್ದರೆ ಅದಕ್ಕೂ ಶಾಕ್‌ಗೂ ಎಷ್ಟು ಅಂತರ ಇದೆ ನೋಡಿ. ಹೊರ ಸಿಲಿಂಡರ್ ಇರುವ ಶಾಕ್ ತರಿಸಿ, ಅದು ಸ್ಟೇಗೆ ತಗಲುತ್ತದೆ ಅಂತ ಆಮೇಲೆ ಗೊತ್ತಾದರೆ ಸ್ಟೇ ಕತ್ತರಿಸುವುದೋ ಶಾಕ್ ವಾಪಸ್ ಕಳಿಸುವುದೋ, ಎರಡೂ ತಲೆನೋವು.

ಬಿಚ್ಚಿ ಹಾಕುವುದು

ಈ ಕೆಲಸ ಮನೆಯಲ್ಲೇ ಮಾಡಬಹುದು, ಕಷ್ಟ ಇಲ್ಲ. ಆದರೆ 241 ಕೆ.ಜಿ. ಗಾಡಿ ಕಾಲ ಮೇಲೆ ಬಿದ್ದರೆ ಕಷ್ಟ. ಸಮತಟ್ಟಾದ ಸಿಮೆಂಟ್ ನೆಲ ಇರಲಿ, ಜೊತೆಗೆ ಇನ್ನೊಬ್ಬರು ಇರಲಿ.

ಪ್ಯಾಡಾಕ್ ಸ್ಟ್ಯಾಂಡ್ ಬಗ್ಗೆ ಒಂದು ಎಚ್ಚರಿಕೆ. ಅದು ಸ್ವಿಂಗ್‌ಆರ್ಮ್ ಹಿಡಿದು ಎತ್ತುತ್ತದೆ. ಗಾಡಿಯ ಹಿಂಭಾಗದ ಭಾರ ಆಗಲೂ ಶಾಕ್ ಮೇಲೆಯೇ ಇರುತ್ತದೆ. ಹಾಗಿರುವಾಗ ಎರಡೂ ಶಾಕ್ ಬಿಚ್ಚಿದಿರೋ, ಹಿಂಭಾಗ ದೊಪ್ಪನೆ ಚಕ್ರದ ಮೇಲೆ ಕೂರುತ್ತದೆ. ಭಾರ ಫ್ರೇಮ್ ಮೇಲೆ ನಿಲ್ಲಬೇಕು. ಮೇನ್ ಸ್ಟ್ಯಾಂಡ್ ಇರುವ ಗಾಡಿಗಳಿಗೆ ಈ ಚಿಂತೆಯಿಲ್ಲ, ಅದು ಫ್ರೇಮ್‌ಗೇ ಸೇರಿರುತ್ತದೆ. ಇಲ್ಲದಿದ್ದರೆ ಫ್ರೇಮ್ ಕೆಳಗೆ ಒಂದು ಜಾಕ್, ನಡುವೆ ದಪ್ಪ ಮರದ ಹಲಗೆ. ಸೈಲೆನ್ಸರ್ ಪೈಪ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟ್ ಮೇಲೆ ಭಾರ ಬೀಳಬಾರದು. ಮುಂದಿನ ಬ್ರೇಕ್ ಲಿವರ್‌ಗೆ ಬೆಲ್ಟ್ ಸುತ್ತಿ ಬಿಗಿ ಹಿಡಿಸಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಇಡಿ.

ಜಾಕ್ ಎತ್ತುವ ಮೊದಲೇ, ಗಾಡಿ ನೆಲದ ಮೇಲೆ ನಿಂತಿರುವಾಗ, ನಾಲ್ಕೂ ಬೋಲ್ಟ್‌ಗಳನ್ನು ಕಾಲು ಸುತ್ತು ಸಡಿಲ ಮಾಡಿಕೊಳ್ಳಿ. ಆಮೇಲೆ ಜಾಕ್ ಮೇಲೆ ನಿಂತ ಗಾಡಿಯನ್ನು ಜಗ್ಗಾಡುವ ಪಾಡು ತಪ್ಪುತ್ತದೆ. ಸೂಪರ್ ಮೀಟಿಯರ್‌ನಲ್ಲಿ ಸೈಲೆನ್ಸರ್ ಎರಡೂ ಕಡೆ ಇದೆ, ಕೆಳಗಿನ ಬೋಲ್ಟಿಗೆ ಸಾಕೆಟ್ ಹೋಗದೆ ಹೋದರೆ ಸೈಲೆನ್ಸರ್ ಬೋಲ್ಟ್ ಬಿಚ್ಚಿ ಸ್ವಲ್ಪ ಸರಿಸಿಕೊಳ್ಳಿ. ಅಡ್ಡಾದಿಡ್ಡಿ ಪಾನಾ ಹಾಕಿ ಬೋಲ್ಟ್ ತಲೆ ಸವೆಸಬೇಡಿ.

ಬಿಚ್ಚುವ ಮೊದಲು ಎರಡೂ ಕಡೆ ಫೋಟೋ ತೆಗೆಯಿರಿ. ಯಾವ ವಾಷರ್ ಒಳಗೆ, ಯಾವುದು ಹೊರಗೆ, ಚೈನ್ ಕಡೆ ಬೇರೆ ಸ್ಪೇಸರ್ ಇದೆಯಾ, ಇವೆಲ್ಲ ಸಂಜೆ ಹೊತ್ತಿಗೆ ಮರೆತುಹೋಗುತ್ತವೆ. ಹೊಸ ಶಾಕ್ ಹಳೆಯದರಷ್ಟೇ ಉದ್ದ ಇದ್ದರೆ ಒಂದು ಕಡೆ ಬಿಚ್ಚಿ ಹಾಕಿ ಮುಗಿಸಿ, ಆಮೇಲೆ ಇನ್ನೊಂದು ಕಡೆ. ಉಳಿದ ಶಾಕ್ ಚಕ್ರವನ್ನು ಜಾಗದಲ್ಲೇ ಹಿಡಿದಿರುತ್ತದೆ. ಉದ್ದ ಬೇರೆ ಇದ್ದರೆ ಎರಡನ್ನೂ ಬಿಚ್ಚಬೇಕು. ಆಗ ಚಕ್ರದ ಕೆಳಗೆ ಹಲಗೆ ಇಟ್ಟು ಸ್ವಿಂಗ್‌ಆರ್ಮ್ ಜಾರದಂತೆ ನೋಡಿಕೊಳ್ಳಿ.

ಜಾಕ್ ಸರಿಯಾದ ಎತ್ತರದಲ್ಲಿದೆಯಾ ಅಂತ ಬೋಲ್ಟೇ ಹೇಳುತ್ತದೆ. ನಟ್ ತೆಗೆದ ಮೇಲೆ ಬೋಲ್ಟ್ ಬೆರಳಲ್ಲಿ ಎಳೆದರೆ ಬರಬೇಕು. ಬರಲಿಲ್ಲವಾದರೆ ಶಾಕ್ ಇನ್ನೂ ಒತ್ತಡದಲ್ಲೋ ಎಳೆತದಲ್ಲೋ ಇದೆ. ಜಾಕ್ ಒಂದೆರಡು ಮಿ.ಮೀ. ಮೇಲೆ ಕೆಳಗೆ ಮಾಡಿ ನೋಡಿ. ಸುತ್ತಿಗೆ ತರಬೇಡಿ. ಹೊಸದು ಹಾಕುವಾಗಲೂ ಇದೇ ಆಟ.

ಫ್ರೇಮ್ ಮೇಲಿನ ಪಿನ್, ಬೋಲ್ಟು ಒರೆಸಿ ಶುಚಿ ಮಾಡಿ ತೆಳ್ಳಗೆ ಗ್ರೀಸ್ ಸವರಿ. ರಬ್ಬರ್ ಬುಷ್‌ಗೆ ಸಾದಾ ಗ್ರೀಸ್ ತಗಲಬಾರದು, ರಬ್ಬರ್ ಉಬ್ಬಿ ಹಾಳಾಗುತ್ತದೆ. ಬೇಕಾದರೆ ಸಿಲಿಕಾನ್ ಗ್ರೀಸ್ ಬಳಸಿ. ನೈಲಾನ್ ಇರುವ ಲಾಕ್ ನಟ್ ಆಗಿದ್ದರೆ ಹೊಸದೇ ಹಾಕಿ, ಕಾಸು ಎಷ್ಟು ಮಹಾ. ಹೊರ ಸಿಲಿಂಡರ್ ಇದ್ದರೆ ಎಡ ಬಲ ನೋಡಿ ಹಾಕಿ, ಕಂಪನಿಯವರು ಕಾಗದದಲ್ಲಿ ಬರೆದಿರುತ್ತಾರೆ.

ಬೋಲ್ಟ್‌ಗಳನ್ನು ಮೊದಲು ಸುಮ್ನೆ ಮುಟ್ಟುವಷ್ಟು ಬಿಗಿ ಮಾಡಿ. ಗಾಡಿ ಕೆಳಗಿಳಿಸಿ, ಭಾರ ಚಕ್ರದ ಮೇಲೆ ಕೂತ ಮೇಲೆ ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಹಿಡಿದು ಮ್ಯಾನುಯಲ್‌ನಲ್ಲಿರುವಷ್ಟಕ್ಕೆ ಬಿಗಿ ಮಾಡಿ. ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಹಿಡಿದುಕೊಂಡು, ಗಾಡಿ ಕೂತಾಗ ಯಾವಾಗಲೂ ತಿರುಚಿಕೊಂಡಿರುತ್ತದೆ.

ಈಗ ಚೈನ್ ಸಡಿಲ ನೋಡಿ. ಇಬ್ಬರು ದಪ್ಪನೆಯವರನ್ನು ಕೂರಿಸಿ, ಒತ್ತಿಸಿ, ಶಾಕ್ ಎಲ್ಲಾದರೂ ಚೈನ್ ಗಾರ್ಡ್‌ಗೋ ಸ್ಟೇಗೋ ಸೈಲೆನ್ಸರ್‌ಗೋ ತಗಲುತ್ತದಾ ಅಂತ ಬಗ್ಗಿ ನೋಡಿ. ರಾತ್ರಿ ಒಂದು ಸಲ ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತದೆ ನೋಡಿ. ಹಿಂಭಾಗ ಎತ್ತರ ಆಗಿದ್ದರೆ ಬೆಳಕು ಕೆಳಕ್ಕೆ ಇಳಿದಿರುತ್ತದೆ.

ಹೊಂದಿಸುವುದು

ಹೊಸ ಶಾಕ್ ಹಾಕಿದ ಮೇಲೆ ಸ್ಯಾಗ್ ಮತ್ತೆ ಅಳೆಯಬೇಕು, ಇದಕ್ಕೆ ರಿಯಾಯಿತಿ ಇಲ್ಲ. ಪ್ರೀಲೋಡ್ ಹೊಂದಿಸುವ, ಥ್ರೆಡ್ (ತಿರುಪಿನ ಗೆರೆ) ಇರುವ ಕಾಲರ್ ತಿರುಗಿಸುವ ಮೊದಲು ಆ ಥ್ರೆಡ್ ಒರೆಸಿ, ಇಲ್ಲದಿದ್ದರೆ ಮರಳು ಕೂತು ಹಿಡಿದುಕೊಳ್ಳುತ್ತದೆ. ಎಷ್ಟು ಥ್ರೆಡ್ ಕಾಣುತ್ತಿದೆ ಅಂತ ಸ್ಕೇಲಿಟ್ಟು ಅಳೆದು ಎರಡೂ ಕಡೆ ಒಂದೇ ಮಾಡಿ.

ರೀಬೌಂಡ್ ನಾಬ್ ಅನ್ನು ಪೂರ್ತಿ ಬಿಗಿ ಮಾಡಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ಕಂಪನಿ ಹೇಳಿದಷ್ಟಕ್ಕೆ ಸಡಿಲಿಸಿ. ಬಲವಂತವಾಗಿ ತಿರುಗಿಸಬೇಡಿ, ಒಳಗಿನ ಸೂಜಿ ಕೆಡುತ್ತದೆ. ಸೀಟು ಜೋರಾಗಿ ಒತ್ತಿ ಬಿಟ್ಟರೆ ಹಿಂಭಾಗ ಒಂದೇ ಸಲ ಮೇಲೆ ಬಂದು ನಿಲ್ಲಬೇಕು. ಇದು ಶುರುವಿಗೆ ಮಾತ್ರ, ನಿಜವಾದ ಪರೀಕ್ಷೆ ರಸ್ತೆಯಲ್ಲೇ. ಮನೆ ಹತ್ತಿರ ಒಂದೆರಡು ಹಂಪ್, ಸ್ವಲ್ಪ ಕೆಟ್ಟ ಡಾಂಬರು, ಒಂದು ತಿರುವು ಇರುವ ಸಣ್ಣ ಸುತ್ತು ಆರಿಸಿಕೊಳ್ಳಿ. ಪ್ರತಿ ಸಲ ಅದೇ ರಸ್ತೆ, ಅದೇ ವೇಗ, ಎರಡೆರಡೇ ಕ್ಲಿಕ್ ಬದಲಾವಣೆ. ಪ್ರೀಲೋಡೂ ರೀಬೌಂಡೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಹಂಪ್ ದಾಟಿದ ಮೇಲೆ ಸೀಟು ನಿಮ್ಮನ್ನು ಮೇಲಕ್ಕೆ ಒದ್ದರೆ, ಅಥವಾ ತಿರುವಿನಲ್ಲಿ ಹಿಂಭಾಗ ತೂಗಿದರೆ ರೀಬೌಂಡ್ ಬಿಗಿ ಮಾಡಿ. ಇದು ಎಲ್ಲರಿಗೂ ಗೊತ್ತಾಗುತ್ತದೆ. ಇದರ ಉಲ್ಟಾ ಸ್ವಲ್ಪ ಮೋಸ ಮಾಡುತ್ತದೆ. ಹೈವೇಯಲ್ಲಿ ವೇಗ ತಗ್ಗಿಸಲು ಬಳಿದಿರುವ ದಪ್ಪ ಬಿಳಿ ಪಟ್ಟಿಗಳ ಸಾಲು ಇರುತ್ತದಲ್ಲ, ಅದರ ಮೇಲೆ ಹೋಗುವಾಗ ಮೊದಲ ಎರಡು ಪಟ್ಟಿ ಮೆತ್ತಗೆ, ಆಮೇಲಿನವು ಒಂದಕ್ಕಿಂತ ಒಂದು ಗಟ್ಟಿಯಾಗಿ ಹೊಡೆದರೆ ರೀಬೌಂಡ್ ಜಾಸ್ತಿ ಆಗಿದೆ. ಶಾಕ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಏಟು ಬಂದು, ಪ್ರತಿ ಪಟ್ಟಿಗೂ ಇನ್ನಷ್ಟು ಕೆಳಗೆ ಕೂರುತ್ತಾ ಹೋಗುತ್ತದೆ. ಸವಾರನಿಗೆ ಮಾತ್ರ ಸ್ಪ್ರಿಂಗ್ ಗಟ್ಟಿ ಅನ್ನಿಸುತ್ತದೆ, ಪ್ರೀಲೋಡ್ ಸಡಿಲ ಮಾಡುತ್ತಾನೆ, ಇನ್ನೂ ಕೆಡುತ್ತದೆ. ಇಂಥ ಕಡೆ ಎರಡು ಕ್ಲಿಕ್ ಸಡಿಲಿಸಿ ನೋಡಿ.

ರಾಡ್ ಕಾಣುವ ಹಾಗಿದ್ದರೆ ಅದಕ್ಕೊಂದು ಸಣ್ಣ ಕೇಬಲ್ ಟೈ ಮೆಲ್ಲಗೆ ಕಟ್ಟಿ. ಶಾಕ್ ಒಳಗೆ ಹೋದಷ್ಟು ಅದೂ ಸರಿಯುತ್ತದೆ, ಆದ್ದರಿಂದ ಎಷ್ಟು ಟ್ರಾವೆಲ್ ಬಳಸಿದಿರಿ ಅಂತ ಆಮೇಲೆ ನೋಡಬಹುದು. ದೊಡ್ಡ ಗುಂಡಿಯಲ್ಲಿ ಅಪರೂಪಕ್ಕೆ ಪೂರ್ತಿ ಬಳಕೆ ಆದರೆ ತಪ್ಪಿಲ್ಲ, ಟ್ರಾವೆಲ್ ಇರುವುದೇ ಅದಕ್ಕೆ. ಪ್ರತಿ ಹಂಪ್‌ಗೂ ಪೂರ್ತಿ ಆದರೆ ಮೆದು. ಕೆಟ್ಟ ರಸ್ತೆಯಲ್ಲಿ ಇಡೀ ದಿನ ಓಡಿಸಿದ ಮೇಲೂ ಮೂರನೇ ಒಂದು ಭಾಗ ಹಾಗೇ ಉಳಿದಿದ್ದರೆ ಗಟ್ಟಿ.

ಒಂಟಿ ಮತ್ತು ಜೋಡಿ ಎರಡಕ್ಕೂ ಹೊಂದಿಕೆ ಬರೆದಿಟ್ಟುಕೊಳ್ಳಿ. ಜೋಡಿ ಹೋಗುವಾಗ ಪ್ರೀಲೋಡ್ ಇಷ್ಟು, ರೀಬೌಂಡ್ ಒಂದೆರಡು ಕ್ಲಿಕ್ ಬಿಗಿ, ಟೈರಿನ ಗಾಳಿ ಇಷ್ಟು. ಕಾಲರ್ ತಿರುಗಿಸುವ ಕೊಕ್ಕೆ ಸ್ಪ್ಯಾನರ್ ಬ್ಯಾಗಿನಲ್ಲೇ ಇರಲಿ.

ಆಮೇಲೆ

ಮೊದಲ 50–100 ಕಿ.ಮೀ. ಆದ ಮೇಲೆ ನಾಲ್ಕೂ ಬೋಲ್ಟ್ ಮತ್ತೆ ಟಾರ್ಕ್ ಹಾಕಿ ನೋಡಿ. ಗಾಡಿ ತೊಳೆಸುವಾಗ ಜೆಟ್ ನೀರು ಸೀಲ್ ಮೇಲೆ ನೇರ ಹೊಡೆಯಲು ಬಿಡಬೇಡಿ. ಕರಾವಳಿ ಕಡೆ ಓಡಾಡುವವರು, ಮಳೆಗಾಲದಲ್ಲಿ ಮಲೆನಾಡು ಸುತ್ತಿ ಬಂದವರು ರಾಡ್ ಮೇಲಿನ ಕೆಸರು, ಉಪ್ಪು ಒದ್ದೆ ಬಟ್ಟೆಯಲ್ಲಿ ಒರೆಸಿ. ರಾಡ್ ಮೇಲೆ ಸಣ್ಣ ತುಕ್ಕಿನ ಚುಕ್ಕೆ ಬಂದರೂ ಅದು ಸೀಲನ್ನು ಕೊಯ್ಯುತ್ತದೆ.

ವಾರಂಟಿ ಇನ್ನೂ ಇದ್ದರೆ ಅದರ ಪುಸ್ತಕದಲ್ಲಿ ಹೊರಗಿನ ಬಿಡಿಭಾಗದ ಬಗ್ಗೆ ಏನು ಬರೆದಿದ್ದಾರೆ ಓದಿಕೊಳ್ಳಿ, ಇನ್ಶೂರೆನ್ಸ್ ಏಜೆಂಟನ್ನೂ ಒಂದು ಮಾತು ಕೇಳಿ. ಹಳೇ ಶಾಕ್‌ಗಳನ್ನು ಅವುಗಳ ಬೋಲ್ಟ್, ವಾಷರ್ ಸಮೇತ ಡಬ್ಬಿಯಲ್ಲಿ ಇಡಿ. ಗಾಡಿ ಮಾರುವಾಗ ವಾಪಸ್ ಹಾಕಿ ಹೊಸದನ್ನು ಉಳಿಸಿಕೊಳ್ಳಬಹುದು, ಹೊಸದು ಸರ್ವಿಸ್‌ಗೆ ಹೋದಾಗಲೂ ಬೇಕಾಗುತ್ತದೆ. ಪೂರ್ತಿ ಹಾಳಾಗಿದ್ದರೆ ಗುಜರಿಗೆ ಹಾಕಿ, ಆದರೆ ಒಳಗೆ ಏನಿದೆ ನೋಡೋಣ ಅಂತ ಕೊರೆಯುವುದು, ಕತ್ತರಿಸುವುದು, ಕಾಯಿಸುವುದು ಬೇಡ. ಗ್ಯಾಸ್ ತುಂಬಿದ ಶಾಕ್‌ನಲ್ಲಿ ಒತ್ತಡ ಹಾಗೇ ಇರುತ್ತದೆ, ಗುಜರಿಯವನಿಗೂ ಇದನ್ನು ಹೇಳಿ ಕೊಡಿ.